ಒಂಬತ್ತು ಸ್ಪ್ರಿಂಗಿನ ಮೇಲೆ ಪುಟ್ಟಮಲ್ಲಮ್ಮ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಬೇಗೂರಿನ ಪುಟ್ಟಮಲ್ಲಮ್ಮ. ೨೦೨೫ರ ಸಂಕ್ರಾಂತಿಯ ಮಾರನೆಯ ಮಧ್ಯಾಹ್ನ, ತಮ್ಮ ಮನೆಯ ಜಗಲಿಯ ಮೇಲೆ, ನೆರೆಯ ಐದಾರು ಹೆಂಗಸರೊಡನೆ ಅವರೆಕಾಳು ಹಿದುಕುತ್ತ ಹೇಳಿದರು. ಸಂಗತಿ ನಡೆದು ಆಗಿನ್ನೂ ಮೂರು ವಾರವೂ ಆಗಿರಲಿಲ್ಲ. ಆದರೂ ಗುಂಡ್ಲುಪೇಟೆಯಲ್ಲಿ ಒಂದು ಬಗೆಯಾಗಿ, ಸಂತೆಮರಹಳ್ಳಿಯಲ್ಲಿ ಇನ್ನೊಂದು ಬಗೆಯಾಗಿ ಕಥೆ ಆಗಲೇ ಓಡಾಡುತ್ತಿತ್ತು. ಕಣ್ಣಾರೆ ಕಂಡವರ ಮಾತೆಂದು ನಾನು ಪುಟ್ಟಮಲ್ಲಮ್ಮನವರ ಹೇಳಿಕೆಯನ್ನೇ ಹಿಡಿದಿದ್ದೇನೆ.

ಬೇಗೂರಿನ ಶಿವಸ್ವಾಮಿಯವರ ಮನೆಯಲ್ಲಿ ಅರವತ್ತು ವರ್ಷ ದಾಟಿದ ಜೀಪೊಂದಿದೆ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹರಿಯುವ, ಹಳ್ಳದಿಣ್ಣೆಗಳನ್ನು ಲೆಕ್ಕಿಸದ ಗಾಡಿ. ಅವರ ಮಗಳು ಶಿವರಂಜಿನಿ ಪಂಚಾಯಿತಿಯ ಗ್ರಂಥಾಲಯದಲ್ಲಿ ಕೆಲಸದಲ್ಲಿದ್ದಾಳೆ. ಆಳು ಕುಳ್ಳು, ಹಟ ಎತ್ತರ. ಒಂದು ವರ್ಷ ಹೊಲದ ದಾರಿಗಳಲ್ಲಿ ಆ ಜೀಪನ್ನು ಓಡಿಸಿ ಕೈ ಪಳಗಿಸಿಕೊಂಡಿದ್ದಳು. ಡಿಸೆಂಬರಿನ ಕೊನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಹಳೆಯ ಗಾಡಿಗಳ ಮೆರವಣಿಗೆ ಹೊರಡುವುದಿತ್ತು. ಇಪ್ಪತ್ತೆರಡು ಗಾಡಿಗಳ ಪಟ್ಟಿಯಲ್ಲಿ ಓಡಿಸುವವರಲ್ಲಿ ಹೆಣ್ಣಿನ ಹೆಸರು ಒಂದೇ, ಅವಳದು.

ಜೀಪಿನ ಸೀಟುಗಳು ಮಾತ್ರ ಹರಿದು, ತುಕ್ಕು ಹಿಡಿದ ಸ್ಪ್ರಿಂಗುಗಳು ಇಣುಕುತ್ತಿದ್ದವು. ಗುಂಡ್ಲುಪೇಟೆಯ ತರಕಾರಿ ಮಂಡಿಯ ಎದುರು ಸೀಟು ಕಟ್ಟುವ ರಾಚಯ್ಯನ ಅಂಗಡಿಯಿದೆ. ಜೀಪನ್ನು ಅಲ್ಲಿ ಬಿಟ್ಟಿದ್ದರು. ರಾಚಯ್ಯ ಹಳೆಯ ಸೀಟುಗಳನ್ನು ಕಿತ್ತು, ಚೌಕಟ್ಟಿನ ತುಕ್ಕು ಕೆರೆದು, ಒಂದೊಂದಕ್ಕೂ ಒಂಬತ್ತು ಹೊಸ ಸ್ಪ್ರಿಂಗು ಕೂರಿಸಿ, ಗೋಣಿ ಹೊದಿಸಿ, ತೆಂಗಿನ ನಾರು ತುಂಬಿ, ಕಡು ಹಸಿರು ರೆಕ್ಸಿನ್ ಹೊಲಿದು ಶನಿವಾರ ಸಂಜೆಗೆ ಮುಗಿಸಿದ.

ಭಾನುವಾರ ಬೆಳಿಗ್ಗೆ ಏಳಕ್ಕೆ ಶಿವರಂಜಿನಿ ಬಂದಳು. ಜೊತೆಗೆ ಅವಳ ಚಿಕ್ಕಪ್ಪ ಕುಮಾರಸ್ವಾಮಿ, ಆರಡಿ ಆಳು. ಸೀಟು ಕಂಡೊಡನೆ ಹುಡುಗಿ ಕುಣಿದುಬಿಟ್ಟಳಂತೆ. ಹತ್ತಿ ಕೂತಳು, ಎಡಗಾಲು ಚಾಚಿದಳು. ಕ್ಲಚ್ಚು ಎಟುಕಲಿಲ್ಲ. ಅಂಚಿಗೆ ಜಾರಿ ಕೂತಳು. ಎಟುಕಿತು, ಒತ್ತಲು ಬಲ ಸಾಲಲಿಲ್ಲ. ಬೆನ್ನಿಗೆ ದಿಂಬು ಕೊಟ್ಟರು. ಸ್ಟೇರಿಂಗು ಹೊಟ್ಟೆಗೆ ಒತ್ತಿ ತಿರುಗದಾಯಿತು.

ರಾಚಯ್ಯ ಹಣೆ ಹಣೆ ಬಡಿದುಕೊಂಡ. "ತಪ್ ಮಾಡ್ಬುಟ್ಟೆ ಕಣವ್ವ! ಹಳೇ ಸೀಟು ನಾಕು ಬೆರ್ಳಷ್ಟು ಕುಸ್ದಿತ್ತು. ಹಾಳಾಗ್ಯದೆ ಅನ್ಕಂಡು ಮೊದ್ಲಿದ್ದ ಎತ್ತರಕ್ಕೇ ಕಟ್ಬುಟ್ಟೆ. ನೀನು ಕಲ್ತಿದ್ದು ಆ ಕುಸ್ದಿರೋ ಸೀಟಲ್ಲೇ ಅಲ್ವಾ?"

ಚೌಕಟ್ಟನ್ನು ತಗ್ಗಿಸುವಂತೆಯೂ ಇರಲಿಲ್ಲ. ಆ ಜೀಪಿನಲ್ಲಿ ಓಡಿಸುವವರ ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕು.

ಕುಮಾರಸ್ವಾಮಿ ಮೀಸೆ ಸವರಿದ. "ಓಗ್ಲಿ ಬುಡಮ್ಮಿ. ಹತ್ ಗಂಟೆ ಒಳಗೆ ಹೇಳುದ್ರೆ ಪಟ್ಟೀಲಿ ಹೆಸ್ರು ಬದಲಾಯಿಸ್ತಾರಂತೆ. ನಾನ್ ಓಡಿಸ್ತೀನಿ, ನೀನು ಪಕ್ಕದಲ್ಲಿ ಕೂತ್ಕಂಡು ಕೈ ಬೀಸು."

"ಕೈ ಬೀಸಕ್ಕೆ ಒಂದು ವರ್ಷ ಕಲಿಬೇಕಿತ್ತಾ ಚಿಕ್ಕಪ್ಪ?" ಎಂದಳು ಶಿವರಂಜಿನಿ. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಿತ್ತು. "ರಾಚಯ್ಯಣ್ಣ, ಏನಾದ್ರೂ ಮಾಡು."

ರಾಚಯ್ಯ ಗಡಿಯಾರ ನೋಡಿದ. ಏಳೂವರೆ. ಸೀಟನ್ನು ಜೀಪಿನಿಂದ ಕೆಳಗಿಳಿಸಿ, ಬರೀ ಟ್ಯಾಂಕಿನ ಮೇಲೆ ಹುಡುಗಿಯನ್ನು ಕೂರಿಸಿ, ಕೆಳಗೆ ಗೋಣಿಚೀಲ ಮಡಿಸಿ ಮಡಿಸಿ ಇಟ್ಟ. ಅವಳ ಕಾಲಿಗೆ ಕ್ಲಚ್ಚು ಪೂರ್ತಿ ಒತ್ತಲು ಬಂದು, ಕಣ್ಣಿಗೆ ಬಾನೆಟ್ಟಿನಾಚೆ ರಸ್ತೆ ಕಾಣುವ ಮಡಿಕೆಗೆ ಕೈ ನಿಲ್ಲಿಸಿ, ಆ ಎತ್ತರಕ್ಕೆ ಸೀಟಿನ ಪಕ್ಕೆಗೆ ಸೀಮೆಸುಣ್ಣದ ಗೆರೆ ಎಳೆದ. ಇನ್ನು ಆಗಬೇಕಾದದ್ದು ಒಂದೇ: ಮೇಲೆ ಭಾರ ಹೇರಿ ಸ್ಪ್ರಿಂಗುಗಳನ್ನು ಆ ಗೆರೆಗೆ ತಗ್ಗಿಸಿ, ಭಾರ ಅಲುಗದಂತೆ ನಿಂತಿರುವಾಗಲೇ ಕೆಳಗಿನಿಂದ ಒಂಬತ್ತನ್ನೂ ಹುರಿಯಿಂದ ಬಿಗಿದು ಕಟ್ಟುವುದು.

ಮಂಡಿಯ ಹಮಾಲಿ ಚಿಕ್ಕಬೀರಯ್ಯ ಮೊದಲು ಕೂತ. ಸ್ಪ್ರಿಂಗು ಗೆರೆಗೆ ಇಳಿಯಲಿಲ್ಲ. (ಗುಂಡ್ಲುಪೇಟೆಯವರ ಹೇಳಿಕೆಯಲ್ಲಿ ಕೊನೆಯವರೆಗೂ ಕೂತವನು ಇವನೇ. ಇದನ್ನು ಕೇಳಿಸಿದಾಗ ಪುಟ್ಟಮಲ್ಲಮ್ಮ, "ಅವ್ನ ಮೈಯಲ್ಲಿ ಏನದೆ, ಬೀಡಿ ಹೊಗೆ ಬುಟ್ರೆ!" ಎಂದರು.) ಈರುಳ್ಳಿ ಮೂಟೆ ಹೇರಿದರು. ಉರುಳಿ ಒಂದು ಪಕ್ಕಕ್ಕೆ ವಾಲಿತು.

ಆಗ ಶಿವರಂಜಿನಿಯ ಕಣ್ಣು, ಮಂಡಿಯಲ್ಲಿ ಈರುಳ್ಳಿ ಆರಿಸುತ್ತಿದ್ದ ತಮ್ಮೂರಿನ ಪುಟ್ಟಮಲ್ಲಮ್ಮನವರ ಮೇಲೆ ಬಿತ್ತು. ಓಡಿಹೋಗಿ ಕೈ ಹಿಡಿದಳು. "ದೊಡ್ಡವ್ವ, ಬಾ, ನೀನು ಕೂತ್ಕೋಬೇಕು!"

"ಯಾಕಮ್ಮಿ, ಮದ್ವೆ ಮಾಡ್ಸೀಯಾ?"

ಎಳೆದು ತಂದು ಕೂರಿಸಿದರು. ಎರಡು ಬೆಂಚುಗಳಿಗೆ ಅಡ್ಡಲಾಗಿ ಸೀಟು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಪುಟ್ಟಮಲ್ಲಮ್ಮ. ಸ್ಪ್ರಿಂಗುಗಳು ಇಳಿದು ಇಳಿದು ಸರಿಯಾಗಿ ಗೆರೆಗೆ ಬಂದು ನಿಂತವು. ನೆರೆದವರು ಕೇಕೆ ಹಾಕಿದರು. ರಾಚಯ್ಯ ಅಡಿಗೆ ಅಂಗಾತ ಮಲಗಿ, ಹುರಿ ಹಲ್ಲಿಗೆ ಕಚ್ಚಿಕೊಂಡು ಕೂಗಿದ: "ಅಕ್ಕಯ್ಯ, ಅಲ್ಲಾಡ್ಬ್ಯಾಡ! ಮಾತಾಡ್ಬ್ಯಾಡ! ನಗಲೇಬ್ಯಾಡ! ಗಂಟು ಜಾರುದ್ರೆ ಮೊದ್ಲಿಂದ ಕಟ್ಬೇಕು, ಹೊತ್ತಿಲ್ಲ!"

ಇಲ್ಲಿ ಒಂದು ಮಾತು ಹೇಳಬೇಕು. ಊರ ವರಸೆಯಲ್ಲಿ ಪುಟ್ಟಮಲ್ಲಮ್ಮ ಕುಮಾರಸ್ವಾಮಿಗೆ ಅತ್ತಿಗೆ. ಆ ಸೀಮೆಯಲ್ಲಿ ಅತ್ತಿಗೆಯನ್ನು ಕೀಟಲೆ ಮಾಡುವುದು ಮೈದುನನ ಹಕ್ಕು. ತಿರುಗಿಸಿ ಕೊಡದೆ ಸುಮ್ಮನಿದ್ದರೆ ಅತ್ತಿಗೆ ಸೋತಂತೆ. ಇಪ್ಪತ್ತು ವರ್ಷದಲ್ಲಿ ಆಕೆ ಒಮ್ಮೆಯೂ ಸೋತವರಲ್ಲ. ಕುಮಾರಸ್ವಾಮಿ ಸ್ಟೂಲು ಎಳೆದುಕೊಂಡು ಎದುರಿಗೇ ಕೂತ.

"ಅತ್ತಿಗೆ, ಹಸೆಮಣೆ ಮ್ಯಾಲೂ ನೀನು ಇಷ್ಟೊತ್ತು ಸುಮ್ನೆ ಕೂತಿರ್ಲಿಲ್ಲ ಕಣ. ಧಾರೆ ಎರೆಯೋಕ್ ಮುಂಚೆನೇ, ಎಲೆ ಯಾವಾಗ ಹಾಕ್ತೀರಿ ಅಂತ ಕೇಳ್ದೋಳಲ್ವಾ?"

ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಪುಟ್ಟಮಲ್ಲಮ್ಮ ಸೆರಗಿನ ತುದಿ ಬಾಯಿಗೆ ತುರುಕಿಕೊಂಡರು. "ಮೂರಾಯ್ತು!" ಎಂದ ಕೆಳಗಿನಿಂದ ರಾಚಯ್ಯ.

"ಹೆಂಗಸ್ರಿಗೆ ಬಸ್ಸು ಫ್ರೀ ಮಾಡ್ದಾಗ ಸರ್ಕಾರ್ದೋರು ನಿನ್ನ ನೋಡಿರ್ಲಿಲ್ಲ ಕಣತ್ತಿಗೆ. ಬೇಗೂರಲ್ಲಿ ನೀನ್ ಹತ್ತುದ್ರೆ ಗುಂಡ್ಲುಪೇಟೆಗೆ ಬರೋವಷ್ಟರಲ್ಲಿ ಪಂಚರ್ರು!"

"ಚಿಕ್ಕಪ್ಪ, ಸಾಕು!" ಶಿವರಂಜಿನಿ ಕಿರುಚಿದಳು. ಪುಟ್ಟಮಲ್ಲಮ್ಮನವರ ಕೆನ್ನೆ ಉಬ್ಬಿ ಕೆಂಪಾಯಿತು, ಕಣ್ಣಲ್ಲಿ ನೀರು ಹರಿಯಿತು. ಹೊಟ್ಟೆ ಒಂದು ಸಲ ಅದುರಿತು. "ಅಕ್ಕಯ್ಯಾ!" ಎಂದು ಕೆಳಗಿನಿಂದ ಚೀರಾಟ. ಆಕೆ ಉಸಿರು ಬಿಗಿ ಹಿಡಿದರು. "ಆರು!"

"ನಂಗೆ ಆಗ ಏನಾಯ್ತು ಗೊತ್ತಾ?" ಎಂದು ಜಗಲಿಯಲ್ಲಿ ಪುಟ್ಟಮಲ್ಲಮ್ಮ ಅವರೆಕಾಳನ್ನು ಕೈಬಿಟ್ಟು ಕೇಳಿದರು. "ನಗು ತಡ್ಯೋದು ಕಷ್ಟ ಅಲ್ಲ ಕಣ್ರವ್ವ. ತಿರುಗ್ಸಿ ಅನ್ನೋ ಮಾತು ನಾಲಿಗೆ ತುದೀಲಿ ಕೂತದೆ, ಆಡಂಗಿಲ್ಲ! ಜೀವ ಓದಂಗಾಯ್ತು. ಆ ಅಮ್ಮಿ ಮೊಕ ನೋಡ್ದೆ. ಕೈ ಎರ್ಡೂ ಬಿಗಿ ಹಿಡ್ಕಂಡು, ಗಂಟು ಒಂದೊಂದಕ್ಕೂ ತುಟಿ ಅಲ್ಲಾಡ್ಸ್ತಾ ನಿಂತಿತ್ತು. ಸೋತ್ರೆ ಸೋತೆ, ಇದೊಂದ್ ಸಲ ಕುಮಾರಂಗೇ ಬುಟ್ಬುಡನ ಅನ್ಕಂಡೆ."

ಏಳು. ಎಂಟು. ಕುಮಾರಸ್ವಾಮಿ ಇನ್ನೊಂದು ಮಾತಿಗೆ ಬಾಯಿ ತೆರೆದ. ತೆರೆದವನು ಅಣ್ಣನ ಮಗಳ ಕಡೆ ನೋಡಿದ, ಆಮೇಲೆ ಅತ್ತಿಗೆಯ ಕಡೆ. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಆಕೆ ಅವನ ಎದುರು ಸುಮ್ಮನಿದ್ದರು. ಅವನು ಬಾಯಿ ಮುಚ್ಚಿ, ಸ್ಟೂಲಿನಿಂದ ಎದ್ದು, ಬೆಂಚಿನ ಒಂದು ತುದಿ ಅಲುಗದಂತೆ ಎರಡೂ ಕೈಯಿಂದ ಒತ್ತಿ ಹಿಡಿದ.

"ಒಂಬತ್ತು! ಏಳಕ್ಕಯ್ಯ!"

ಪುಟ್ಟಮಲ್ಲಮ್ಮ ಏಳಲಿಲ್ಲ. ಅಲ್ಲೇ ಕೂತು, ತಡೆದಿಟ್ಟದ್ದನ್ನೆಲ್ಲ ಒಮ್ಮೆಗೇ ನಕ್ಕರು. ಹಲಗೆ ಕುಲುಕಿತು, ಬೆಂಚು ಕಿರುಗುಟ್ಟಿತು, ಒಂದು ಗಂಟೂ ಜಾರಲಿಲ್ಲ. "ಈಗ ಕೇಳ್ಲಾ ಕುಮಾರ," ಎಂದರು. "ನಿನ್ನ ಆರಡಿ ಕಾಲ ಮಡಚೋ ಮಂಚದಂಗೆ ಮಡಚ್ಕಂಡು ಇಂದ್ಗಡೆ ಕೂತ್ಕಂಡು ಬಾ. ಪಕ್ಕದ್ ಸೀಟು ನಂದು!"

ರಾಚಯ್ಯ ರೆಕ್ಸಿನ್ನಿನ ಅಂಚು ಬಿಗಿದೆಳೆದು ದಬ್ಬಳದಿಂದ ಹೊಲಿದು ಮುಗಿಸಿದಾಗ ಒಂಬತ್ತೂ ಮುಕ್ಕಾಲು. ಶಿವರಂಜಿನಿ ಹತ್ತಿ ಕೂತಳು. ಎಡಗಾಲು ನೇರವಾಗಿ ಚಾಚಿತು, ಕ್ಲಚ್ಚು ನೆಲದವರೆಗೆ ಹೋಯಿತು. ಎಂಜಿನ್ನು ಗುಡುಗಿತು. ಮಂಡಿಯ ಲಾರಿಗಳೆಲ್ಲ ಒಟ್ಟಿಗೆ ಹಾರನ್ ಹಾಕಿದವು. ಇಪ್ಪತ್ತೊಂದು ಗಾಡಿಗಳು ಸಾಲುಗಟ್ಟಿದ್ದ ಮೈದಾನಕ್ಕೆ ಇಪ್ಪತ್ತೆರಡನೆಯದು ಧೂಳೆಬ್ಬಿಸುತ್ತ ನುಗ್ಗಿತು.

"ಚಾಮ್ರಾಜ್‌ನಗರ ಬರೋಗಂಟ ಒಂದ್ ಸಲನೂ ಗಾಡಿ ಆಫ್ ಆಗ್ಲಿಲ್ಲ ಕಣ್ರವ್ವ," ಎಂದರು ಪುಟ್ಟಮಲ್ಲಮ್ಮ. "ತೆರಕಣಾಂಬೀಲಿ ಹೆಣ್ಮಕ್ಳು ಶಿಳ್ಳೆ ಹೊಡುದ್ರು! ಆ ಅಮ್ಮಿ ನಕ್ಕಿದ್ದು ನೋಡ್ಬೇಕಿತ್ತು."

"ಕುಮಾರಪ್ಪ?" ಎಂದು ಒಬ್ಬಾಕೆ ಕೇಳಿದಳು.

"ದಾರಿ ಉದ್ದಕ್ಕೂ ಕೈ ಬೀಸ್ತಿದ್ದ."

ಜಗಲಿಯೆಲ್ಲ ನಗೆ. ಕಾಳು ಮುಗಿದಿತ್ತು. ಹೆಂಗಸರು ಮಡಿಲಲ್ಲಿದ್ದ ಸಿಪ್ಪೆ ಕೊಡವಿಕೊಂಡು, ಮೊರ ಎತ್ತಿಕೊಂಡು ಎದ್ದರು. ಇನ್ನೂ ನಗುತ್ತಲೇ ಒಬ್ಬೊಬ್ಬರಾಗಿ ಮನೆಗೆ ಹೋದರು.