ರಾತ್ರಿ ಬೀಸಿದ ಹಿಟ್ಟು

ನಡುರಾತ್ರಿ ಮಿಲ್ಲಿನ ಕೂಗು ನಿಂತ ಮೇಲೆ ಅಡಿಗೆಮನೆಯಿಂದ ಕಲ್ಲಿಗೆ ಕಲ್ಲು ಉಜ್ಜುವ ಸಣ್ಣ ಸದ್ದು ಬಂತು. ವತ್ಸಲಾ ಎಚ್ಚರವಾಗಿಯೇ ಮಲಗಿದ್ದಳು. ಗಂಡ ನಾಗರಾಜು ಮಿಲ್ಲಿನ ರಾತ್ರಿ ಪಾಳಿಗೆ ಹೋಗಿದ್ದ. ಕುರುಬರಹಳ್ಳಿಯ ಆ ಮನೆಯಲ್ಲಿದ್ದವರು ಅವಳು ಮತ್ತು ಅತ್ತೆ ಲಿಂಗಮ್ಮ ಇಬ್ಬರೇ.

ಕೆಲವು ದಿನಗಳಿಂದ ಬೆಳಗೆದ್ದರೆ ಬೀಸುವ ಕಲ್ಲಿನ ಸುತ್ತ ರಾಗಿಹಿಟ್ಟು ಚೆಲ್ಲಿರುತ್ತಿತ್ತು. ಹಿಟ್ಟಿನ ಮಿಷಿನ್ ಬಂದಮೇಲೆ ಆ ಕಲ್ಲನ್ನು ಯಾರೂ ಮುಟ್ಟಿರಲಿಲ್ಲ.

"ನಿದ್ದೇಲಿ ಎದ್ದು ಬೀಸ್ತೀಯ ಕಣೇ. ಕಾಲೇಜಲ್ಲಿ ಇದನ್ನೂ ಕಲ್ಸಿದ್ರಾ?" ಎಂದಿದ್ದಳು ಲಿಂಗಮ್ಮ.

"ನಂಗೆ ಬೀಸೋಕೇ ಬರಲ್ಲ ಅತ್ತೆ."

"ಬರ್ದೇ ಇರೋದನ್ನ ಮಾಡ್ಸೋದೇ ಗಾಳಿ. ಮಂಗಳವಾರ ಹೆಗ್ಗನಹಳ್ಳಿ ಮಂತ್ರವಾದಿ ಹತ್ರ ಹೋಗಣ. ಬೇವಿನ ಬರಲಲ್ಲಿ ನಾಕು ಬಿದ್ರೆ ಬಿಟ್ಟೋಗ್ತದೆ."

ಪಾಳಿ ಮುಗಿಸಿ ಬಂದ ನಾಗರಾಜು ತೂಕಡಿಸುತ್ತಲೇ, "ಅಮ್ಮ ಹೇಳ್ದಂಗೆ ಮಾಡು" ಎಂದು ಮುಸುಕೆಳೆದಿದ್ದ.

ನಿಜವಾಗಿಯೂ ತಾನೇ ಇರಬಹುದೇ? ಗಾಳಿ ಹಿಡಿದವಳೆಂದು ಹೆಸರಾದರೆ ತವರಿನ ದಾರಿಯೇ ಗತಿ. ಆ ಹೆದರಿಕೆಗೆ ವತ್ಸಲಾಳ ನಿದ್ದೆ ಹಾರಿಹೋಗಿತ್ತು. ಈ ರಾತ್ರಿ ಹಳೆಯ ಸೀರೆಯ ಅಂಚಿನಿಂದ ಕಾಲನ್ನು ಮಂಚಕ್ಕೆ ಕಟ್ಟಿಕೊಂಡಿದ್ದಳು. ಗಂಟು ಹಾಗೇ ಇತ್ತು, ಸದ್ದು ಮಾತ್ರ ಬರುತ್ತಲೇ ಇತ್ತು.

ಗಂಟು ಬಿಚ್ಚಿ ಬುಡ್ಡಿದೀಪ ಹಿಡಿದು ಹೋದಳು. ಒಂದು ಕಾಲು ಚಾಚಿ ಕೂತ ಲಿಂಗಮ್ಮ ಕಲ್ಲು ತಿರುಗಿಸುತ್ತಿದ್ದಳು. ಕಣ್ಣು ತೆರೆದಿತ್ತು, ದೀಪ ಹತ್ತಿರ ತಂದರೂ ರೆಪ್ಪೆ ಅಲುಗಲಿಲ್ಲ.

"ಅತ್ತೆ..."

"ಕೂಗಾಯ್ತು ಕಣೇ. ಕೈ ಹಾಕು" ಎಂದಳು ಲಿಂಗಮ್ಮ, ಗೋಡೆಗೆ ಹೇಳಿದ ಹಾಗೆ.

ವತ್ಸಲಾಳಿಗೆ ಆಗ ತಿಳಿಯಿತು. ಮೂವತ್ತು ವರ್ಷ ಮಿಲ್ಲಿನ ಬೆಳಗಿನ ಸೈರನ್ನಿನ ಕೂಗು ಕೇಳಿಯೇ ಅತ್ತೆ ಬೀಸಲು ಏಳುತ್ತಿದ್ದುದು. ಕೆಲವು ದಿನಗಳಿಂದ ಹೊಸ ಪಾಳಿಗೆಂದು ಅದು ನಡುರಾತ್ರಿಯೂ ಕೂಗುತ್ತಿತ್ತು. ಆ ಕೂಗಿಗೆ ಅತ್ತೆಯ ಮೈ ಏಳುತ್ತಿತ್ತು, ನಿದ್ದೆ ಬಿಡುತ್ತಿರಲಿಲ್ಲ.

ಗೋಡೆ ತಟ್ಟಿದರೆ ಪಕ್ಕದ ಮನೆಯ ಬೋರಮ್ಮ ಬಂದು ನೋಡುತ್ತಾಳೆ. ತನ್ನ ಮೇಲಿನ ಮಾತು ಅಲ್ಲಿಗೆ ತೀರುತ್ತದೆ. ಆದರೆ ಬೇವಿನ ಬರಲಿನ ಏಟು ಅತ್ತೆಯ ಈ ಬೆನ್ನಿನ ಮೇಲೆ ಬೀಳುತ್ತದೆ. ರವಿಕೆಯ ಮೇಲೆ ಆ ಬೆನ್ನಿನ ಮೂಳೆಗಳು ಎದ್ದು ಕಾಣುತ್ತಿದ್ದವು.

ಗೋಡೆ ತಟ್ಟಲು ಎತ್ತಿದ ಕೈ ಇಳಿಸಿ, ಎದುರು ಕೂತು, ಅವಳೂ ಕಲ್ಲಿನ ಗೂಟ ಹಿಡಿದಳು. ಮೊರದ ರಾಗಿ ತೀರಿದ ಮೇಲೆ ಲಿಂಗಮ್ಮ ತಾನಾಗಿಯೇ ನಿಲ್ಲಿಸಿದಳು. ವತ್ಸಲಾ ಅವಳ ತೋಳು ಹಿಡಿದು ಚಾಪೆಯ ಮೇಲೆ ಮಲಗಿಸಿದಳು.

ಬೆಳಗ್ಗೆ ಲಿಂಗಮ್ಮ ಹಿಟ್ಟು ನೋಡಿ ನಿಟ್ಟುಸಿರಿಟ್ಟಳು. "ಎದ್ದಿದ್ಯಾ?"

"ಎದ್ದಿದ್ದೆ."

"ಕೈ ತೋರ್ಸು."

ವತ್ಸಲಾಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಲಿಂಗಮ್ಮ ಹರಳೆಣ್ಣೆ ತಂದು ಸವರಿದಳು. ಅತ್ತೆಯದು ಜಡ್ಡುಗಟ್ಟಿದ ಕೈ, ಅದರ ಮೇಲೆ ಯಾವ ಗುರುತೂ ಮೂಡುವಂತಿರಲಿಲ್ಲ.

"ಮೆತ್ತಗೆ ಹೊಡಿಯಪ್ಪ ಅಂತ ಹೆಗ್ಗನಹಳ್ಳಿಯವನಿಗೆ ನಾನೇ ಹೇಳ್ತೀನಿ, ಹೆದರ್ಕೋಬೇಡ" ಎಂದಳು.

ಅಷ್ಟರಲ್ಲಿ ನಾಗರಾಜು ಕೆಂಗಣ್ಣು ಉಜ್ಜುತ್ತಾ ಒಳಗೆ ಬಂದ. "ಕೈಗೇನಾಯ್ತು?"

ರಾತ್ರಿ ಕಂಡದ್ದನ್ನು ಅವನಿಗಾಗಲಿ, ಇನ್ಯಾರಿಗಾಗಲಿ ಹೇಳಬಾರದೆಂದು ವತ್ಸಲಾ ಆಗಲೇ ತೀರ್ಮಾನಿಸಿದ್ದಳು.

"ಏನಿಲ್ಲ. ನೀವು ಮಲ್ಕೊಳಿ" ಎಂದು ಚಾಪೆ ಹಾಸಿದಳು.