ಗೂಟನ ಎಡ ಮಂಡಿ

ಮೈದಾನಕ್ಕೆ ನೀರು ಬಿಟ್ಟಿದ್ದಾರೆ, ಗಾಳಿಗೆ ನಾಲ್ಕು ಹನಿ ಹಾರಿ ಬಂದು ಕಿಟಕಿಯ ಗಾಜಿಗೆ ಕೂತಿವೆ, ಒಂದು ಜಾರುತ್ತಿದೆ, ಜಾರಲಿ, ಎದ್ದು ಒರೆಸುವ ಮನಸ್ಸೂ ಇಲ್ಲ — ಆಗಲೇ ಹತ್ತೂವರೆ, ಹನ್ನೊಂದಕ್ಕೆ ಹೌದೋ ಅಲ್ಲವೋ ಹೇಳಬೇಕು, ತಂಡದ ಯಜಮಾನರು ನಿನ್ನೆ ಫೋನಿನಲ್ಲಿ ನಗುತ್ತಲೇ ಹೇಳಿದರು, ತಂಡ ನನ್ನದು, ತಲೆನೋವು ನಿಮ್ಮದು, ಅದಕ್ಕೇ ಅಲ್ವೇನಮ್ಮಾ ನಿಮ್ಮನ್ನ ಮ್ಯಾನೇಜರ್ ಮಾಡಿದ್ದು. ಒಂಬತ್ತು ವರ್ಷ ಇದೇ ಹಾಕಿ ತಂಡದಲ್ಲಿ ಫಿಸಿಯೋ ಆಗಿ ಆಟಗಾರರ ಕಾಲು ಒತ್ತಿಕೊಂಡು, ಪಟ್ಟಿ ಸುತ್ತಿಕೊಂಡು ಹಾಯಾಗಿದ್ದೆ, ಎರಡು ವರ್ಷದಿಂದ ಈ ಮೇಜು, ಈ ಕಾಗದ. ಇವತ್ತಿನದು ಗೂಟನ ಕರಾರು. ವಯಸ್ಸು ಮೂವತ್ತಾರು, ಹನ್ನೊಂದು ವರ್ಷದಿಂದ ನಮ್ಮ ಗೋಲಿನ ಮುಂದೆ ನೆಟ್ಟ ಹಾಗೆ ನಿಂತವನು, ಅದಕ್ಕೇ ಆ ಹೆಸರು, ತಂಡದಲ್ಲಿ ಯಾರಿಗೂ ಇಲ್ಲದ ಸಂಬಳಕ್ಕೆ ಮೂರು ವರ್ಷ ಕೇಳುತ್ತಿದ್ದಾನೆ, ಎದುರಾಳಿ ತಂಡದವರು ಕೊಡುತ್ತೇವೆ ಎಂದಿದ್ದಾರಂತೆ. ನಾವು ಕೊಟ್ಟರೆ ದುಡ್ಡು ಸಾಲದೆ ಬರುವ ವರ್ಷ ಗೋಲು ಹೊಡೆಯುವ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಬಿಡಬೇಕು, ಒಬ್ಬ ಹೋದರೆ ಇನ್ನೊಬ್ಬ ನಿಲ್ಲುವುದಿಲ್ಲ, ಅವರಮ್ಮ ಮೊದಲ ದಿನವೇ ಹೇಳಿದ್ದಾಳೆ, ಒಂದೇ ತಟ್ಟೆಲಿ ಉಂಡೋರು ಮೇಡಂ, ಬೇರೆ ಮಾಡ್ಬೇಡಿ. ಕೊಡದಿದ್ದರೆ — ಕೋಚ್ ಬೆಳಿಗ್ಗೆ ಬಾಗಿಲಲ್ಲೇ ನಿಂತು ಹೇಳಿ ಹೋದರು, ಒಳಗೂ ಬರಲಿಲ್ಲ, ಈ ವರ್ಷ, ಹೆಚ್ಚಂದ್ರೆ ಬರೋ ವರ್ಷ, ಅಷ್ಟೇ ನಮಗಿರೋ ಕಾಲ, ಆಮೇಲೆ ಎಲ್ಲರೂ ಸವೆದು ಹೋಗ್ತಾರೆ, ಗೂಟ ಇಲ್ದೆ ಕಪ್ಪಿನ ಮಾತೇ ಎತ್ಬೇಡಿ ಮೇಡಂ. ಇಪ್ಪತ್ತು ವರ್ಷದಿಂದ ಕಪ್ಪು ಗೆಲ್ಲದ ತಂಡ, ಕಪ್ಪು ಇಡಲು ಮಾಡಿಸಿದ ಗಾಜಿನ ಕಪಾಟಿನಲ್ಲಿ ಈಗ ಯಾರದೋ ಛತ್ರಿ, ಹಳೆಯ ಕ್ಯಾಲೆಂಡರು.

ಗೂಟನ ಎಡ ಮಂಡಿ, ಎಲ್ಲ ನಿಂತಿರುವುದು ಅದರ ಮೇಲೆ, ಮತ್ತು ಅದರ ವಿಷಯಕ್ಕೆ ನನಗೆ ಯಾರ ವರದಿಯೂ ಬೇಡ, ನನ್ನ ಅಂಗೈಗೇ ಗೊತ್ತು. ನಾಲ್ಕು ವರ್ಷದ ಹಿಂದಿನ ಫೈನಲ್, ಅರ್ಧ ಆಟ ಮುಗಿದಿದೆ, ಬೆಂಚಿನ ಮೇಲೆ ಅವನು ಕಾಲು ಚಾಚಿದ್ದಾನೆ, ಮಂಡಿ ಊದಿಕೊಂಡು ಚಿಪ್ಪೇ ಕಾಣುತ್ತಿಲ್ಲ, ಕೋಚ್ ನನ್ನ ಮುಖ ನೋಡುತ್ತಾರೆ, ಎಲ್ಲರೂ ನೋಡುತ್ತಾರೆ, ಬೆವರಿನ ವಾಸನೆ, ಆಡ್ಬಹುದಾ ಅಕ್ಕ ಅಂದ, ಆಡ್ಬಹುದು ಅಂದೆ. ಬೇಡ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಕಪ್ಪು ನನಗೂ ಬೇಕಿತ್ತಲ್ಲ. ಆಡಿದ, ಕುಂಟಿಕೊಂಡೇ ಮೂರು ಸಲ ಚೆಂಡು ತಡೆದ, ನಾಲ್ಕನೆಯ ಸಲ ಬಿದ್ದವನು ಏಳಲಿಲ್ಲ, ಸೋತೆವು, ಆರು ತಿಂಗಳು ಮನೆಯಲ್ಲಿ ಮಲಗಿದ. ಯಾಕಕ್ಕ ಹಾಗಂದ್ರಿ ಎಂದು ಒಂದು ದಿನ ಕೇಳಿಬಿಟ್ಟಿದ್ದರೆ ನನಗೂ ಹಗುರವಾಗುತ್ತಿತ್ತು, ಕೇಳಲೇ ಇಲ್ಲ ಪುಣ್ಯಾತ್ಮ.

ಬಾಗಿಲು ತಟ್ಟಿದ ಸದ್ದು, ಅವನೇ. ಕೂತ್ಕೋಬಹುದಾ ಅಕ್ಕ, ಕೂತ್ಕೊಳ್ಳೋಕೂ ಕರಾರು ಬೇಕೇನೋ ಅಂದೆ, ನಕ್ಕ, ಕುರ್ಚಿಯ ಕೈ ಹಿಡಿದು ಕೂತು ಎಡಗಾಲನ್ನು ಪಕ್ಕದ ಸ್ಟೂಲಿನ ಮೇಲೆ ಇಟ್ಟ, ಹಳೆಯ ಅಭ್ಯಾಸ, ನನ್ನ ಕೈಯೂ ಹಳೆಯ ಅಭ್ಯಾಸದಂತೆ ಹೋಗಿ ಮಂಡಿಯ ಮೇಲೆ ಕೂತಿತು, ಮಡಚು, ಮಡಚಿದ, ಒಳಗೆ ಮರಳು ಅರೆದಂತೆ. ಒಂದು ವರ್ಷ ಆಡಿಯಾನು, ಅದೂ ತಿಣುಕಿಕೊಂಡು. ನಿಜ ಹೇಳು, ಎಷ್ಟು ದಿನ ಆಡ್ತೀಯ. ನೀವೇ ಹೇಳಿ ಅಕ್ಕ, ಆವತ್ತೂ ನೀವೇ ಹೇಳಿದ್ರಿ. ಚುಚ್ಚಿದ್ದಲ್ಲ, ನಂಬಿಕೆಯಿಂದಲೇ ಹೇಳಿದ್ದು, ಅದನ್ನೇ ತಡೆಯಲಾಗುವುದಿಲ್ಲ. ನಂಗೆ ಬೇರೆ ಕೆಲ್ಸ ಬರಲ್ಲ, ಮೂರು ವರ್ಷ ಸಿಕ್ರೆ ಅಷ್ಟರಲ್ಲಿ ಮಗಳ ಓದು ಮುಗಿಯುತ್ತೆ, ಅಷ್ಟೇ ಅಕ್ಕ. ಒಂದು ವರ್ಷ ಕೊಡ್ತೀನಿ ಕಣೋ, ಅದರ ಮೇಲೆ ಆಗಲ್ಲ. ಹೇಳಿಬಿಟ್ಟೆ, ಯಾರೋ ಹೇಳಿದಂತೆ ಕೇಳಿಸಿತು. ಅವನು ಎರಡೂ ಕೈಯಲ್ಲಿ ಕಾಲನ್ನು ಎತ್ತಿ ಕೆಳಗಿಟ್ಟುಕೊಂಡ, ಸರಿ ಅಕ್ಕ, ಬೇಜಾರಿಲ್ಲ, ಅಲ್ಲಿಗೇ ಹೋಗ್ತೀನಿ, ಅವರ ಡಾಕ್ಟರಿಗೆ ಮಂಡಿ ಮೇಲೆ ಅನುಮಾನವಂತೆ, ನಿಮಗೇ ಫೋನ್ ಮಾಡಿ ಕೇಳ್ತಾರಂತೆ. ಹೀಗೆ ಹೇಳಿ ಎಂದು ಮಾತ್ರ ಅನ್ನಲಿಲ್ಲ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದ.

ಫೋನು ಬರುವುದಕ್ಕೆ ಎರಡು ನಿಮಿಷವೂ ಆಗಲಿಲ್ಲ, ಹೊರಗೆ ಹೋದವನೇ ತಿಳಿಸಿರಬೇಕು. ಆ ತಂಡದ ಮ್ಯಾನೇಜರ್, ಸಭ್ಯ ಮನುಷ್ಯ, ಒಮ್ಮೆ ನಮ್ಮ ಬಸ್ಸು ಕೆಟ್ಟಾಗ ತಮ್ಮ ಬಸ್ಸು ಕಳಿಸಿದ್ದರು, ನಮಸ್ಕಾರ ಮೇಡಂ, ಆ ಕಾಲನ್ನ ನಿಮ್ಮಷ್ಟು ನೋಡಿದೋರು ಯಾರಿಲ್ಲ, ನೀವು ಹೇಳಿದ್ರೆ ಈಗ್ಲೇ ಸಹಿ ಹಾಕಿಸ್ತೀನಿ, ಮೂರು ವರ್ಷ ತಡೆಯುತ್ತಾ? ನನ್ನ ಅಂಗೈ ಇನ್ನೂ ಬೆಚ್ಚಗಿದೆ, ತಡೆಯುತ್ತೆ ಸಾರ್ ಅಂದೆ. ಹಾಗಾದ್ರೆ ನೀವ್ಯಾಕೆ ಬಿಡ್ತಿದ್ದೀರಿ? ನಮ್ಮ ಯಜಮಾನರ ಕೈ ಬಿಗಿ ಸಾರ್, ಗೊತ್ತಲ್ಲ ನಿಮಗೆ, ಗೊತ್ತು ಗೊತ್ತು ಎಂದು ನಕ್ಕರು, ಉಪಕಾರ ಆಯ್ತು ಮೇಡಂ. ಇಟ್ಟೆ. ಆ ಒಳ್ಳೆಯ ಮನುಷ್ಯನಿಗೆ ಸುಳ್ಳು ಹೇಳಿದೆ, ಕೋಚಿನ ಕೈಯಿಂದ ಈ ವರ್ಷದ ಕಪ್ಪು ಕಳೆದೆ, ಅಣ್ಣತಮ್ಮಂದಿರು ಉಳಿದರು, ಗೂಟನಿಗೆ ಮೂರು ವರ್ಷ ಸಿಕ್ಕಿತು, ಸರಿಯೋ ತಪ್ಪೋ ಯಾರನ್ನು ಕೇಳಲಿ, ಕೋಚನ್ನು ಕರೆಯಬೇಕು, ಯಜಮಾನರಿಗೆ ಹೇಳಬೇಕು, ಏಳಬೇಕು — ಕಿಟಕಿಯ ಕೆಳಗೆ ಗೂಟ, ಹೊರಗಿನ ಮೆಟ್ಟಿಲ ಮೇಲೆ, ಯಾರೂ ನೋಡುತ್ತಿಲ್ಲ ಎಂದುಕೊಂಡು ಅಡ್ಡಕ್ಕೆ ತಿರುಗಿದ್ದಾನೆ, ಎರಡೂ ಕೈಯಲ್ಲಿ ಕಂಬಿ, ಎಡಗಾಲು ಕೆಳಗೆ, ಅದರ ಪಕ್ಕಕ್ಕೆ ಬಲಗಾಲು, ನಿಂತ, ಉಸಿರು ಎಳೆದುಕೊಂಡ, ಎಡಗಾಲು ಕೆಳಗೆ, ಅದರ ಪಕ್ಕಕ್ಕೆ ಬಲಗಾಲು, ನಿಂತ, ಎಡಗಾಲು…