ಔಷಧಿ ಹೊಡೆಯೋ ಪರೀಕ್ಷೆಗೆ ಕೂತ ಪೋಲಮ್ಮ

ನಮ್ಮ ಕಂಬದೂರು ಕಡೆ ಬೆಳೆಗೆ ಹುಳ ಬಿತ್ತು ಅಂದ್ರೆ ಎಲ್ಲಾರೂ ಪೋತಪ್ಪನಿಗೇ ಹೇಳಿಕಳಿಸ್ತಾರೆ. ಹದಿನೆಂಟು ವರ್ಷದಿಂದ ಔಷಧಿ ಹೊಡೆಯೋದೇ ಅವನ ಕೂಲಿ. ಬೆನ್ನಿಗೆ ಟ್ಯಾಂಕು, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಬರಿಗಾಲು. ಹೆಂಡತಿ ಪೋಲಮ್ಮ ನೀರು ಹೊತ್ತು ತಂದು, ಔಷಧಿ ಸುರಿದು, ಕೋಲು ಸಿಕ್ಕದಿದ್ರೆ ಬರಿಗೈಯಲ್ಲೇ ಕಲೆಸಿ ಕೊಡೋಳು. ಸಂಜೆ ಆದ್ರೆ ಇಬ್ಬರಿಗೂ ತಲೆನೋವು, ಕಣ್ಣುರಿ.

"ಬಿಸಿಲಿಗೆ ಕಣೇ" ಅಂತಿದ್ದ ಪೋತಪ್ಪ. ಅವಳೂ ನಂಬಿದ್ದಳು.

ಹೋದ ವರ್ಷ ದಸರಾ ಕಳೆದ ಮೇಲೆ ಜಯಣ್ಣನ ದಾಳಿಂಬೆ ತೋಟಕ್ಕೆ ಹೋದ್ರು. ಮಧ್ಯಾಹ್ನದ ಗಾಳಿ. ಹೊಡೆದ ಔಷಧಿ ಅರ್ಧ ಗಿಡಕ್ಕೆ, ಅರ್ಧ ಪೋತಪ್ಪನ ಮುಖಕ್ಕೆ. ನಡುವೆ ಔಷಧಿ ಚಿಮ್ಮೋ ಮೂತಿ, ನಾಝಲ್, ಕಟ್ಟಿಕೊಂಡಿತು. ಯಾವಾಗಲೂ ಮಾಡೋ ಹಂಗೇ ಬಾಯಿಗಿಟ್ಟು ಊದಿದ. ಒಂದು ಗಂಟೆ ಕಳೆದಿರಲಿಲ್ಲ, ಮೈಯೆಲ್ಲಾ ಬೆವರು, ಬಾಯಲ್ಲಿ ಜೊಲ್ಲು. ವಾಂತಿ ಮಾಡ್ಕೊಂಡು ಸಾಲಿನ ಮಧ್ಯೆ ಬಿದ್ದ.

ಜಯಣ್ಣ ಓಡಿ ಬಂದ. "ಹೊಟ್ಟೆಗೇನೂ ಹಾಕ್ಕೊಂಡಿಲ್ಲ ಅನ್ಸತ್ತೆ ಕಣಮ್ಮ. ಒಂದಿಷ್ಟು ನಿಂಬೆಹಣ್ಣಿನ ನೀರು ಕುಡಿಸು, ಎದ್ದು ಕೂತ್ಕಂತಾನೆ."

ಎದ್ದು ಕೂರಲಿಲ್ಲ. ಆಟೋದಲ್ಲಿ ಮಲಗಿಸ್ಕೊಂಡು ಕಲ್ಯಾಣದುರ್ಗದ ಆಸ್ಪತ್ರೆಗೆ ಹೋದ್ರು. ಡಾಕ್ಟರು ಕಣ್ಣಿಗೆ ಟಾರ್ಚು ಹಾಕಿ ನೋಡಿ, ತೆಲುಗಲ್ಲೂ ಕನ್ನಡದಲ್ಲೂ ಕೇಳಿದ್ರು: "ಏ ಮಂದು ಕೊಟ್ಟಾಡಮ್ಮಾ? ಯಾವ ಔಷಧಿ ಹೊಡೆದ?"

ಪೋಲಮ್ಮನಿಗೆ ಗೊತ್ತಿಲ್ಲ. ಕಲೆಸಿದೋಳು ಅವಳೇ. ಆದ್ರೂ ಗೊತ್ತಿಲ್ಲ. ಜಯಣ್ಣನಿಗೆ ಫೋನ್ ಮಾಡಿದ್ಲು.

"ಅಂಗಡಿಯವನು ಏನೋ ಕೊಟ್ಟ ಕಣಮ್ಮ. ಹೆಸರು ಯಾರು ನೋಡ್ತಾರೆ? ಡಬ್ಬಿ ಆಗ್ಲೇ ಹಳ್ಳಕ್ಕೆ ಎಸೆದ್ಬುಟ್ಟೆ."

ಡಾಕ್ಟರು ಲಕ್ಷಣ ನೋಡಿಯೇ ಚಿಕಿತ್ಸೆ ಶುರು ಮಾಡಿದ್ರು. ನಾಲ್ಕು ದಿನ ಆದ ಮೇಲೆ ಪೋತಪ್ಪ ಮನೆಗೆ ಬಂದ. ಬದುಕಿ ಬಂದ, ಅಷ್ಟೇ. ಕೈ ನಡುಗ್ತಿತ್ತು.

ಪೋಲಮ್ಮನಿಗೆ ಸಿಟ್ಟು ಬಂದಿತ್ತು. ಜಯಣ್ಣನ ಮೇಲೆ ಸಿಟ್ಟು. ಅಂಗಡಿಯವನ ಮೇಲೆ ಸಿಟ್ಟು. ಹದಿನೆಂಟು ವರ್ಷ ಏನು ಕಲೆಸ್ತಿದೀನಿ ಅಂತ ಒಂದು ದಿನಾನೂ ಕೇಳದ ತನ್ನ ಮೇಲೂ ಸಿಟ್ಟು.

ಆ ವಾರವೇ ಮಹಿಳಾ ಸಂಘದ ಮೀಟಿಂಗಿಗೆ ಊರಿನ ಕೃಷಿ ಸಹಾಯಕಿ ರಮಾದೇವಿ ಬಂದ್ರು. ಔಷಧಿ ಹೊಡೆಯೋರಿಗೆ ಕಲ್ಯಾಣದುರ್ಗದಲ್ಲಿ ಆರು ದಿನ ತರಬೇತಿ, ಆಮೇಲೆ ಹಿಂದೂಪುರದಲ್ಲಿ ಪರೀಕ್ಷೆ, ಪಾಸಾದೋರಿಗೆ ಸರ್ಟಿಫಿಕೇಟ್ ಅಂದ್ರು. ಪೋಲಮ್ಮ ಮನೆಗೆ ಬಂದು ಗಂಡನಿಗೆ ಹೇಳಿದ್ಲು.

ಪೋತಪ್ಪ ನಕ್ಕುಬಿಟ್ಟ. "ನಂಗೆ ಪರೀಕ್ಷೆಯಾ? ಆ ರಮಾದೇವಿ ಲಂಗ ಹಾಕ್ಕೊಂಡು ಓಡಾಡೋವಾಗ್ಲೇ ನಾನು ಟ್ಯಾಂಕು ಹೊತ್ತಿದ್ದೆ."

"ಹೊತ್ತು ಏನ್ ಕಲ್ತೆ? ನಾಝಲ್ ಊದೋದಾ? ಆಸ್ಪತ್ರೇಲಿ ಮಲಗೋದಾ?"

"ಹಂಗಾದ್ರೆ ನೀನೇ ಹೋಗು. ಒಂದಕ್ಷರ ಓದಕ್ಕೆ ಬರಲ್ಲ, ಪರೀಕ್ಷೆ ಅಂತೆ!"

"ಹೋಯ್ತೀನಿ ಕಣಯ್ಯಾ. ನಾನೇ ಹೋಯ್ತೀನಿ."

ಹೇಳಿಬಿಟ್ಟಳೇ ಹೊರತು ಒಳಗೆ ಅಳುಕು. ರಮಾದೇವಿಯ ಹತ್ರ ಹೋಗಿ, "ಓದು ಬರಲ್ಲ ಮೇಡಮ್, ನನ್ನ ಸೇರಿಸ್ಕಂತಾರಾ?" ಅಂದ್ಲು.

"ಬಾಯಲ್ಲೇ ಕೇಳ್ತಾರೆ ಪೋಲಕ್ಕ. ಮಾಡಿ ತೋರಿಸೋದೂ ಇರತ್ತೆ. ದಿನಾ ಕಲೆಸೋಳು ನೀನು. ನೀನು ಕಲೀದೆ ಇನ್ಯಾರು ಕಲೀಬೇಕು?"

ಮೊದಲ ದಿನವೇ ಕ್ಲಾಸಲ್ಲಿ ರಮಾದೇವಿ ಒಂದು ಡಬ್ಬಿ ಎತ್ತಿ ಹಿಡಿದ್ರು. ಅದರ ಮೇಲೊಂದು ಓರೆ ಚೌಕ, ಚೌಕದಲ್ಲಿ ಬಣ್ಣ. "ಕೆಂಪು ಇದ್ರೆ ಎಲ್ಲಕ್ಕಿಂತ ಜೋರು ವಿಷ. ಅದಕ್ಕಿಂತ ಕಮ್ಮಿ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಅಂದ್ರೆ ವಿಷ ಇಲ್ಲ ಅಂತಲ್ಲ, ಅದಕ್ಕೂ ಹುಷಾರಾಗಿರಬೇಕು."

ಪೋಲಮ್ಮ ಎದ್ದು ನಿಂತಳು. "ಈ ಬಣ್ಣ ಇಷ್ಟು ವರ್ಷದಿಂದ ಡಬ್ಬಿ ಮೇಲೇ ಇತ್ತಾ?"

"ಇತ್ತು ಅಕ್ಕ."

"ಬಣ್ಣ ನೋಡಕ್ಕೆ ಓದು ಬೇಕಾ? ಮಾರೋನು ಹೇಳ್ಲಿಲ್ಲ, ತೋಟದೋನು ಹೇಳ್ಲಿಲ್ಲ. ನಾವೇನು ಮನುಷ್ಯರಲ್ವಾ?"

ರಮಾದೇವಿ ಮೆಲ್ಲಗೆ, "ನಾವೂ ತಡವಾಗಿ ಬಂದ್ವಿ ಅಕ್ಕ. ನಮ್ಮದೂ ತಪ್ಪೇ" ಅಂದ್ರು.

ಪರೀಕ್ಷೆಗೆ ಓದಿಕೊಳ್ಳೋಕೆ ತೆಲುಗಿನ ಒಂದು ಪುಸ್ತಕ ಕೊಟ್ಟಿದ್ರು. ಬೆಳಿಗ್ಗೆ ಕಡಲೆಕಾಯಿ ಸುಲಿಯೋವಾಗ ಪೋಲಮ್ಮ ಅದನ್ನ ಮಂಚದ ಮೇಲೆ ಗಂಡನ ಮುಂದೆ ಇಟ್ಟಳು.

"ನಿಂಗೆ ಓದು ಬರತ್ತಲ್ಲ. ಓದು."

ಪೋತಪ್ಪ ಗೊಣಗ್ತಾನೇ ಶುರು ಮಾಡಿದ. ಗಾಳಿಗೆ ಎದುರಾಗಿ ಹೊಡೀಬಾರದು. ತುಂಬುತೋಳಿನ ಅಂಗಿ, ಗ್ಲೌಸು, ಮಾಸ್ಕು, ಕನ್ನಡಕ, ಬೂಟು ಬೇಕು. ಕೆಲಸ ಮುಗಿಯೋ ತನಕ ಬೀಡಿ, ಎಲೆಅಡಿಕೆ ಮುಟ್ಟಬಾರದು. ಆಮೇಲೆ ನಾಝಲ್ ಮಾತು ಬಂತು, ಬಾಯಿಂದ ಊದಬಾರದು ಅಂತ. ಮುಂದಿನ ಸಾಲು ನೋಡಿ ನಿಲ್ಲಿಸಿಬಿಟ್ಟ.

"ಯಾಕೆ ನಿಲ್ಲಿಸ್ದೆ?"

"ನಾನು ಔಷಧಿ ಹೊಡ್ದು ಬಂದ ಅಂಗೀನ ನೀನು ಮಕ್ಕಳ ಬಟ್ಟೆ ಜೊತೇಲೇ ಒಗೀತಿದ್ದೆ ಅಲ್ವೇನೇ? ಬೇರೆ ಒಗೀಬೇಕಂತೆ. ಮುಂದೆ ಬರೆದವ್ರೆ." ಅವನ ದನಿ ಸಣ್ಣದಾಯ್ತು. "ಮಕ್ಕಳು ತುರಿಕೆ ತುರಿಕೆ ಅಂತಿದ್ವು. ನಾನು ಬೈತಿದ್ದೆ."

ಪೋಲಮ್ಮ ಬೈಯಲಿಲ್ಲ. "ಓದು" ಅಂದ್ಲು.

ಅವತ್ತಿಂದ ದಿನಾ ಬೆಳಿಗ್ಗೆ ಅವನು ಕೇಳೋದು, ಅವಳು ಹೇಳೋದು. ಪರೀಕ್ಷೆ ದಿನ ಹಿಂದೂಪುರದ ಬಸ್ಸಿಗೆ ಕರೀದೇನೆ ಅವನೂ ಹತ್ತಿದ.

ಪರೀಕ್ಷೆಯಲ್ಲಿ ಒಂದು ಟ್ಯಾಂಕಿಗೆ ಎಷ್ಟು ಔಷಧಿ ಅನ್ನೋ ಲೆಕ್ಕ ಪೋಲಮ್ಮನಿಗೆ ತಪ್ಪಿತು. ಆಗ ಅಧಿಕಾರಿ ಮುಂದಿನ ಪ್ರಶ್ನೆ ಕೇಳಿದ್ರು. "ಔಷಧಿ ಹೊಡೀತಿದ್ದೋನು ಬಿದ್ದ. ಏನ್ ಮಾಡ್ತೀರಮ್ಮ?"

"ಹೊಡೆದ ಜಾಗದಿಂದ ಆಚೆಗೆ ಎಳ್ಕೊಂಡು ಬತ್ತೀನಿ ಸಾರ್. ನಾನು ಗ್ಲೌಸ್ ಹಾಕ್ಕೊಂಡು, ಅವನ ಬಟ್ಟೆ ಬಿಚ್ಚಿ ಸೋಪು ನೀರಲ್ಲಿ ಮೈ ತೊಳೀತೀನಿ. ಎಚ್ಚರ ಇಲ್ದೋನ ಬಾಯಿಗೆ ಏನೂ ಹಾಕಲ್ಲ, ನಿಂಬೆಹಣ್ಣೂ ಇಲ್ಲ, ಗಿಂಬೆಹಣ್ಣೂ ಇಲ್ಲ. ಬೆರಳಿಟ್ಟು ವಾಂತಿ ಮಾಡಿಸಲ್ಲ. 108ಕ್ಕೆ ಫೋನ್ ಮಾಡ್ತೀನಿ. ಔಷಧಿ ಡಬ್ಬೀನ ಡಾಕ್ಟರ ಮುಂದೆ ಇಡ್ತೀನಿ."

"ಇಷ್ಟು ಜೋರಾಗಿ ಹೇಳ್ತೀರಲ್ಲ, ಯಾರ ಮೇಲಮ್ಮ ಸಿಟ್ಟು?"

"ಗೊತ್ತಿದ್ದೂ ನಮಗೆ ಹೇಳದೇ ಇದ್ದೋರ ಮೇಲೆ ಸಾರ್."

ಆ ಒಂದು ಲೆಕ್ಕ ತಪ್ಪಿದ್ರೂ ಪೋಲಮ್ಮ ಪಾಸಾದಳು.

ಹದಿನೈದು ದಿನ ಆದ ಮೇಲೆ ಜಯಣ್ಣ ಕೆಲಸಕ್ಕೆ ಕರೆಯೋಕೆ ಬಂದ. ಉರಿಬಿಸಿಲು, ಬೀಸುಗಾಳಿ.

"ಗಾಳಿ ನಿಂತ ಮೇಲೆ, ನಾಳೆ ಮುಂಜಾನೆ ಬತ್ತೀವಣ್ಣ" ಅಂದ್ಲು ಪೋಲಮ್ಮ. "ಗ್ಲೌಸು, ಮಾಸ್ಕು, ಬೂಟು ನೀನೇ ಕೊಡಬೇಕು. ಇಬ್ಬರಿಗೂ."

"ಪರೀಕ್ಷೆ ಪಾಸಾಗಿ ಭಾಳ ಮಾತು ಕಲ್ತಿದೀಯ. ಬೇರೆ ಜನ ಸಿಕ್ತಾರೆ ಬಿಡು."

ಈ ಸಲ ಎದ್ದು ನಿಂತಿದ್ದು ಪೋತಪ್ಪ. "ಕರ್ಕೊಂಡು ಬಾ ಜಯಣ್ಣ. ಅವರಿಗೂ ನಾವೇ ಹೇಳ್ತೀವಿ. ಅವತ್ತು ನಿನ್ನ ತೋಟದಲ್ಲಿ ಬಿದ್ದೋನು ನಾನು. ಬಿಸಿಲಿಗೆ ಬೀಳ್ಲಿಲ್ಲ."

ಜಯಣ್ಣ ಬೇರೆ ಕೂಲಿಯೋರನ್ನ ಹುಡುಕೋಕೆ ಹೋದ. ಎರಡು ದಿನ ಯಾರೂ ಸಿಗಲಿಲ್ಲ. ಮೂರನೇ ದಿನ ಮುಂಜಾನೆ ಇಬ್ಬರಿಗೂ ಗ್ಲೌಸು, ಮಾಸ್ಕು, ಬೂಟು ತಗೊಂಡು ಅವನೇ ಬಂದ. ಮುಂದಿನ ತರಬೇತಿಯ ಪಟ್ಟಿಯಲ್ಲಿ ಮೊದಲ ಹೆಸರು ಪೋತಪ್ಪನದು.

ಇದನ್ನ ಕೇಳ್ತಿರೋ ಅಣ್ಣಂದಿರೇ, ಅಕ್ಕಂದಿರೇ, ಔಷಧಿ ಹೊಡೆಯೋದು ನೀವಾ? ಕಲೆಸಿ ಕೊಡೋದು ನಿಮ್ಮ ಮನೆ ಹೆಂಗಸಾ? ಹಂಗಾದ್ರೆ ಇಬ್ಬರೂ ಕಲೀರಿ. ತರಬೇತಿ ಎಲ್ಲಿದೆ, ಪರೀಕ್ಷೆ ಯಾವಾಗ ಅಂತ ನಿಮ್ಮೂರಿನ ಕೃಷಿ ಸಹಾಯಕರನ್ನ ಹಿಡಿದು ಕೇಳಿ. ಇಲ್ಲ ಅಂದ್ರೆ ಯಾಕಿಲ್ಲ ಅಂತ ಕೇಳಿ. ತೋಟ ಇರೋರೇ, ನೀವೂ ಕೇಳಿಸ್ಕೊಳ್ಳಿ. ನಿಮ್ಮ ಹಣ್ಣು ಕಾಯೋಕೆ ಬಂದೋರ ಜೀವ ಕಾಯೋದು ನಿಮ್ಮ ಕೆಲಸ. ಕೈಗೆ ಗ್ಲೌಸು ಕೊಡದೆ ವಿಷ ಕೊಡಬೇಡಿ.